ದಾಸೋಮಳ ಅಮ್ಮನ ಭಾಷಣ

ಹೈಸ್ಕೂಲಿನ ಗೇಟಿಗೆ ನನ್ನ ಮುಖವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಕಟ್ಟಿದ್ದರು. ಕೆಳಗೆ ‘ಮಂಗೋಲಿಯಾದ ವಿದೇಶಿ ಅತಿಥಿಗೆ ಸ್ವಾಗತ’ ಎಂದಿತ್ತು. ನೋಡಿದ ಕೂಡಲೇ ಮೈ ಉರಿಯಿತು. ನಾನು ಬಂದದ್ದು ಮಂಗೋಲಿಯಾದಿಂದಲ್ಲ, ಬಂದರಿನ ಹಿಂದಿನ ಓಣಿಯಿಂದ, ಸೈಕಲ್ ತುಳಿದುಕೊಂಡು. ಮದುವೆಯಾಗಿ ಈ ದ್ವೀಪಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ನಾನು ಕೊರಿಯಾದ ಪ್ರಜೆ. ಕಡಲಪಾಚಿ ಒಣಗಿಸುವ ಕಾರ್ಖಾನೆಯಲ್ಲಿ ದುಡಿಯುತ್ತೇನೆ, ಚುನಾವಣೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ.

ಹೋದ ವಸಂತದಲ್ಲೂ ಇದೇ ಶಾಲೆಗೆ ಬಂದಿದ್ದೆ. ಪರೀಕ್ಷೆಯ ದಿನ ತಾಯಂದಿರು ಸರದಿಯ ಮೇಲೆ ಕೋಣೆಯ ಹಿಂಬದಿಯಲ್ಲಿ ಕಾವಲು ನಿಲ್ಲಬೇಕು. ಸದ್ದು ಮಾಡದ ಚಪ್ಪಲಿ ಮೆಟ್ಟಿ, ಕಪ್ಪು ಪ್ಯಾಂಟು ಹಾಕಿಕೊಂಡು, ಯಾರದೋ ಮಕ್ಕಳ ಬೆನ್ನು ನೋಡುತ್ತ ನಿಂತಿದ್ದೆ. ಮುಖ ನೋಡಿದರೆ ನಾನು ಇಲ್ಲಿಯವಳೇ. ಯಾರೂ ತಿರುಗಿ ನೋಡಲಿಲ್ಲ. ಉಪಪ್ರಾಂಶುಪಾಲ ಪ್ಯೋ ಅಂದು ನಡು ಬಗ್ಗಿಸಿ ವಂದಿಸಿ, “ದಾಸೋಮಳ ಅಮ್ಮ, ನಿಮ್ಮಿಂದ ತುಂಬಾ ಉಪಕಾರ ಆಯ್ತು” ಎಂದಿದ್ದರು. ಈಗ ಅದೇ ಮನುಷ್ಯನಿಗೆ ನಾನು ವಿದೇಶಿ ಅತಿಥಿ.

ಹೊರದೇಶದ ಸೊಸೆಯಂದಿರನ್ನು ಶಾಲೆಗಳಿಗೆ ಭಾಷಣಕ್ಕೆ ಕಳಿಸುವ ಕೇಂದ್ರವೊಂದು ನಮ್ಮಲ್ಲಿದೆ. ನನ್ನ ಸರದಿಗೆ ಮಗಳು ಓದುವ ಶಾಲೆಯೇ ಬಂತು. ಬೆಳಿಗ್ಗೆ ಸಾರಿನ ಬಟ್ಟಲ ಮುಂದೆ ಕೂತ ದಾಸೋಮ್ ತಲೆ ಎತ್ತಲಿಲ್ಲ.

“ಭಾಷಣ ಮಾಡು, ಬೇಡ ಅನ್ನಲ್ಲ. ನಾನು ನಿನ್ನ ಮಗಳು ಅಂತ ಮಾತ್ರ ಹೇಳ್ಬೇಡ. ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ.”

“ಯಾಕೆ? ನಾನೇನು ಕಳ್ಳತನ ಮಾಡಿ ಜೈಲಿಗೆ ಹೋಗಿ ಬಂದವಳಾ?”

“ಹಳೇ ಶಾಲೇಲಿ ಒಬ್ರೂ ನನ್ನ ಹೆಸರು ಹಿಡಿದು ಕರೀತಿರ್ಲಿಲ್ಲಮ್ಮ. ‘ಏ ಬಹುಸಂಸ್ಕೃತಿ, ಇಲ್ಲಿ ಬಾ’ ಅಂತಿದ್ರು. ಮತ್ತೆ ಅದು ಶುರುವಾಗೋದು ಬೇಡ.”

ಸರ್ಕಾರದವರು ನಮ್ಮಂಥ ಮನೆಗಳಿಗೆ ಪ್ರೀತಿಯಿಂದ ಇಟ್ಟ ಹೆಸರು ಅದು. ಮಕ್ಕಳ ಬಾಯಲ್ಲಿ ಅದೇ ಬೈಗುಳವಾಗಿತ್ತು. ಆಯಿತು, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟೆ, ನಿಜ, ಆದರೆ ಹೆತ್ತ ಮಗಳು ಹೀಗೆ ಕೇಳಿದಳಲ್ಲ ಎಂದು ಅನ್ನದ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದೆ. ಪ್ಯೋ ಅವರಿಗೂ ಫೋನು ಮಾಡಿ ಹೇಳಿದೆ. “ನೀವು ನಿಶ್ಚಿಂತೆಯಿಂದಿರಿ ಅಮ್ಮಾವ್ರೇ, ಯಾರಿಗೂ ಗೊತ್ತಾಗಲ್ಲ” ಎಂದರು.

ಶಿಕ್ಷಕರ ಕೋಣೆಯಲ್ಲಿ ಅವರು ಮಂಗೋಲಿಯಾದ ಕುದುರೆ ಸವಾರರ ನಮೂನೆಯ ಒಂದು ನೈಲಾನು ನಿಲುವಂಗಿ, ಮೇಲೊಂದು ಚೂಪು ಟೋಪಿ ಹಿಡಿದು ನಿಂತಿದ್ದರು.

“ಇದನ್ನ ಹಾಕ್ಕೊಂಡ್ಬಿಡಿ. ಫೋಟೊ ಚೆನ್ನಾಗಿ ಬರುತ್ತೆ.”

“ಇಂಥ ಟೋಪಿ ನಾನು ಹುಟ್ಟಿದಾಗಿಂದ ಹಾಕಿಲ್ಲ ಸರ್. ನಾನು ಬೆಳೆದದ್ದು ಉಲಾನ್‌ಬಾತರ್ ಪಟ್ಟಣದ ನಾಲ್ಕನೇ ಮಹಡೀಲಿ. ನಮ್ಮಪ್ಪ ಟ್ರಾಲಿ ಬಸ್ ಓಡಿಸ್ತಿದ್ರು.”

“ಅಯ್ಯೋ, ಬಸ್ಸಿನ ವಿಷಯ ಎತ್ಬೇಡಿ. ಮಕ್ಕಳು ಕುದುರೆ ಬಗ್ಗೆ ಕೇಳ್ತಾರೆ. ಪ್ರಶ್ನೆ ಎಲ್ಲ ಮೊದಲೇ ಹಂಚಿದೀನಿ.”

ಹಾಕಿಕೊಂಡೆ. ಮಗಳು ಓದುವ ಶಾಲೆಯಲ್ಲಿ ಜಗಳವೇಕೆ ಎಂದು ಹಲ್ಲು ಕಚ್ಚಿಕೊಂಡು ಹಾಕಿಕೊಂಡೆ.

ಸಭಾಂಗಣದಲ್ಲಿ ಅರ್ಧ ಮಕ್ಕಳು ಕೂತಲ್ಲೇ ನಿದ್ದೆ ಹೋಗಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯೆಲ್ಲ ಓದಿಸಿದರೆ ಇನ್ನೇನು ಮಾಡಿಯಾರು? ದಾಸೋಮ್ ಮಧ್ಯದ ಸಾಲಿನಲ್ಲಿ ಕೂದಲು ಮುಖದ ಮೇಲೆ ಇಳಿಬಿಟ್ಟು ಕೂತಿದ್ದಳು. ಕೇಂದ್ರದಲ್ಲಿ ಕಲಿಸಿದ ಅಚ್ಚುಕಟ್ಟಾದ ರಾಜಧಾನಿಯ ಮಾತಿನಲ್ಲಿ, ಸುದ್ದಿ ಓದುವವರ ಹಾಗೆ ಮಾತಾಡಿದೆ. ಒಬ್ಬ ಹುಡುಗ ಎದ್ದು, ಕಿಮ್ಚಿ ತಿನ್ನಲು ಕಷ್ಟವಾಯಿತೇ ಎಂದು ಚೀಟಿ ನೋಡಿಕೊಂಡು ಕೇಳಿದ. ಅವನ ಮನೆಯ ಕಿಮ್ಚಿಯ ಎಲೆಕೋಸಿಗೆ ಪ್ರತಿ ಚಳಿಗಾಲಕ್ಕೂ ಖಾರ ಸವರುವವಳು ನಾನು, ಅವನ ಅಜ್ಜಿಯ ಪಕ್ಕದಲ್ಲೇ ಕೂತು. ಟೋಪಿಯ ಕೆಳಗಿನ ಮುಖ ಅವನಿಗೆ ಗುರುತೇ ಸಿಗಲಿಲ್ಲ. ಮೊದಮೊದಲು ಸ್ವಲ್ಪ ಕಷ್ಟವಾಯಿತು ಎಂದೆ.

ಇನ್ನೇನು ಮುಗಿಯಿತು ಎನ್ನುವಾಗ ಪ್ಯೋ ಮೈಕು ತೆಗೆದುಕೊಂಡರು. ಕ್ಯಾಮೆರಾ ಕಂಡು ಹಿಗ್ಗಿ ಹೀರೇಕಾಯಿಯಾಗಿದ್ದರು.

“ಇನ್ನೊಂದು ಸಂತೋಷದ ವಿಷಯ. ನಮ್ಮ ಅತಿಥಿಯ ಮಗಳು ಇಲ್ಲೇ ಇದ್ದಾಳೆ. ನಮ್ಮ ಬಹುಸಂಸ್ಕೃತಿ ವಿದ್ಯಾರ್ಥಿನಿ, ಎರಡನೇ ವರ್ಷದ ದಾಸೋಮ್. ಎದ್ದು ನಿಲ್ಲಮ್ಮ. ಎಲ್ಲರೂ ಚಪ್ಪಾಳೆ ತಟ್ಟಿ.”

ಚಪ್ಪಾಳೆ ಬಿತ್ತು. ಮಗಳು ಎದ್ದು ನಿಂತಳು. ಅವಳ ಕಿವಿ ಕೆಂಪಗಾದದ್ದು ವೇದಿಕೆಗೂ ಕಾಣುತ್ತಿತ್ತು. ಹಿಂದಿನ ಸಾಲಿನ ಇಬ್ಬರು ಆಗಲೇ ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಆ ಮನುಷ್ಯನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ಬದಲಿಗೆ ಮೈಕು ಕಿತ್ತುಕೊಂಡೆ.

“ಉಪಪ್ರಾಂಶುಪಾಲರಿಗೆ ತಪ್ಪು ತಿಳಿವಳಿಕೆಯಾಗಿದೆ. ಆ ಹುಡುಗಿ ಯಾರೋ ನನಗೆ ಗೊತ್ತಿಲ್ಲ. ಈ ಶಾಲೆಯಲ್ಲಿ ನನಗೆ ಮಕ್ಕಳಿಲ್ಲ.”

ಕೊಟ್ಟ ಮಾತು ಉಳಿಸಿಕೊಂಡೆ ಎಂದುಕೊಂಡೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಇಡೀ ಶಾಲೆಯ ಮುಂದೆ ಯಾರೋ ಎಂದಿದ್ದೆ.

ದಾಸೋಮ್ ಕೂರಲಿಲ್ಲ. ಕೂದಲನ್ನು ಹಿಂದಕ್ಕೆ ತಳ್ಳಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಸಿಟ್ಟಿನದು.

“ಯಾಕಮ್ಮ ಸುಳ್ಳು ಹೇಳ್ತೀಯ?”

ಸುದ್ದಿ ಓದುವವರ ಮಾತು ನನ್ನ ಬಾಯಿಂದ ಅಲ್ಲಿಗೆ ಹಾರಿಹೋಯಿತು. ಅತ್ತೆಯಿಂದ ಕಲಿತ ದ್ವೀಪದ ಒರಟು ಮಾತೇ ಹೊರಟಿತು.

“ನೀನೇ ಅಲ್ವೇನೇ ಬೆಳಿಗ್ಗೆ ಮುಖ ಊದಿಸ್ಕೊಂಡು ಹೇಳಿದ್ದು?”

“ಹೇಳ್ಬೇಡ ಅಂದೆ. ಇಲ್ಲ ಅನ್ನು ಅಂದ್ನಾ?”

ನಿದ್ದೆಯಲ್ಲಿದ್ದವರೆಲ್ಲ ಎದ್ದರು. ಕಿಮ್ಚಿ ಕೇಳಿದ ಹುಡುಗ ನನ್ನನ್ನೇ ದಿಟ್ಟಿಸಿ, “ಏ, ನಮ್ಮನೆಗೆ ಬರೋ ಆಂಟಿ ಕಣೋ ಇವ್ರು” ಎಂದ. ಅಷ್ಟೂ ಸಾಲು ನಕ್ಕಿತು.

“ಅತಿಥಿಗಳೇ, ದಯವಿಟ್ಟು ಶಾಂತವಾಗಿ...” ಎಂದು ಪ್ಯೋ ಮೈಕಿಗೆ ಕೈ ಚಾಚಿದರು.

“ಅತಿಥಿ ಅಲ್ಲ ಸರ್,” ಎಂದಳು ದಾಸೋಮ್. “ನಮ್ಮಮ್ಮ. ಪರೀಕ್ಷೆ ದಿನ ಕಾವಲು ನಿಂತಿದ್ರಲ್ಲ, ಅವ್ರೇ. ಅಮ್ಮ, ಮೊದ್ಲು ಆ ಟೋಪಿ ತೆಗಿ. ನೋಡಕ್ಕಾಗ್ತಿಲ್ಲ.”

ತೆಗೆದು ಪ್ಯೋ ಅವರ ಕೈಯಲ್ಲಿಟ್ಟೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರ ಮೇಲೂ ಇತ್ತು, ಅವಳ ಮೇಲೂ ಇತ್ತು.

“ಚೀಟಿ ಎಲ್ಲ ಜೇಬಿಗಿಡ್ರೋ,” ಎಂದೆ ಮೈಕಿನಲ್ಲಿ. “ದಾಸೋಮಳ ಅಮ್ಮನ್ನ ಏನಾದ್ರೂ ಕೇಳೋದಿದ್ರೆ ಈಗ ಕೇಳಿ.”