ತಲೆನೋವಿನ ಮಾತ್ರೆ

ತಂಗಿ ಸೂರಮ್ಮನ ಮಾತ್ರೆ ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ಕೆಂಚಕ್ಕ ಬಸ್ಸು ಹತ್ತುವ ಮುಂಚೆಯೇ ಉಗುರಿನಿಂದ ಕೆರೆದು ಕಿತ್ತಳು. ಆಸ್ಪತ್ರೆಯವರು ಕೊಟ್ಟಿದ್ದ ಪುಸ್ತಕವನ್ನಂತೂ ಮನೆಯಲ್ಲೇ ರಾಗಿ ಚೀಲದೊಳಗೆ ಹುಗಿದಿಟ್ಟಿದ್ದಳು. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ ಓದು ಬಲ್ಲವರಿಗೇನು ಕಡಿಮೆಯೇ? ತಂಗಿಗೆ ಏಡ್ಸ್ ಅಂತ ಒಬ್ಬರ ಬಾಯಿಗೆ ಬಿದ್ದರೆ ಸಾಕು, ತಾನು ಮನೆ ಸೇರುವ ಮೊದಲೇ ಸುದ್ದಿ ಊರು ಸೇರಿರುತ್ತದೆ.

ಸೂರಮ್ಮ ಚಳ್ಳಕೆರೆಯ ಜೈಲಿನಲ್ಲಿರುವುದು ಊರಿಗೆಲ್ಲ ಗೊತ್ತಿತ್ತು. ಸರ್ಕಾರ ಸಾರಾಯಿ ನಿಲ್ಲಿಸಿದ ಮರುವರ್ಷ, ಆಂಧ್ರದ ಕಡೆಯಿಂದ ಪ್ಯಾಕೆಟ್ಟು ತಂದು ಮಾರುವಾಗ ಸಿಕ್ಕಿಬಿದ್ದಿದ್ದಳು. ಗಂಡ ಸತ್ತ ಹೆಂಗಸು, ಹೊಟ್ಟೆಪಾಡು ಎಂದು ಊರು ಸುಮ್ಮನಾಗಿತ್ತು. ಆ ಗಂಡ ಬಿಟ್ಟುಹೋದ ರೋಗದ ವಿಷಯದಲ್ಲಿ ಊರು ಸುಮ್ಮನಿರುವುದಿಲ್ಲವೆಂದು ಕೆಂಚಕ್ಕನಿಗೆ ಗೊತ್ತಿತ್ತು. ಮಾತ್ರೆ ತಪ್ಪಿದರೆ ರೋಗ ಮೇಲೇಳುತ್ತದೆ ಎಂದು ಡಾಕ್ಟರು ಹೇಳಿದ್ದೂ ಗೊತ್ತಿತ್ತು.

ಜೈಲಿನ ಬಾಗಿಲಲ್ಲಿ ಕಾವಲಿನ ಹೆಂಗಸು ಡಬ್ಬಿ ತಿರುವಿ ನೋಡಿದಳು.

"ಏನ್ ಮಾತ್ರೆ ಇವು? ಹೆಸರಿಲ್ಲ, ಚೀಟಿ ಇಲ್ಲ."

ನಿಜ ಹೇಳಿದ್ದರೆ ಕಾವಲಿನವಳು ಡಬ್ಬಿಯನ್ನು ಒಳಗಿನ ಡಾಕ್ಟರಿಗೆ ತಲುಪಿಸುತ್ತಿದ್ದಳು, ಕೆಟ್ಟ ಹೆಂಗಸೇನಲ್ಲ. ಆದರೆ ಕೆಂಚಕ್ಕನ ಬೆನ್ನಿಗೇ ಅವಳ ಬೀದಿಯ ಪಾಲಮ್ಮ, ಮಗನನ್ನು ನೋಡಲು ಬಂದವಳು, ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.

"ತಲೆನೋವಿಂದು ಕಣ್ರಿ," ಎಂದಳು ಕೆಂಚಕ್ಕ.

"ತಲೆನೋವಿಗೆ ಇಲ್ಲೇ ಕೊಡ್ತೀವಿ. ವಾಪಸ್ ತಗೊಂಡ್ಹೋಗಮ್ಮ."

ಡಬ್ಬಿ ಸೆರಗಿನ ಮರೆಗೆ ಸೇರಿತು. ಜಾಲರಿಯಾಚೆ ಬಂದು ನಿಂತ ತಂಗಿಗೆ, "ಮಾತ್ರೆ ತಂದಿದ್ದೆ, ಇವ್ರು ಒಳಕ್ಕೆ ಬಿಡ್ಲಿಲ್ಲ ಕಣೆ," ಎಂದು ಹೇಳಿ ಬಂದವಳು ಮತ್ತೆ ಆ ಕಡೆ ತಲೆಹಾಕಲಿಲ್ಲ. ಯಾವ ಮುಖ ಹೊತ್ತು ಹೋದಾಳು?

ಎರಡು ತಿಂಗಳ ಮೇಲೆ ಹೊರಬಂದ ಸೂರಮ್ಮ ಮೂಳೆಚಕ್ಕಳವಾಗಿದ್ದಳು. ಕೆಂಚಕ್ಕನೇ ಆಸ್ಪತ್ರೆಗೆ ಕರೆದೊಯ್ದಳು. ರಕ್ತಪರೀಕ್ಷೆಯ ಕಾಗದ ನೋಡಿದ ಡಾಕ್ಟರ್ ಪುಷ್ಪಲತಾ ಹುಬ್ಬು ಗಂಟಿಕ್ಕಿದರು.

"ರೋಗ ತಡೆಯೋ ಶಕ್ತಿ ಅರ್ಧಕ್ಕರ್ಧ ಇಳಿದಿದೆ. ಮಾತ್ರೆ ಯಾಕೆ ನಿಲ್ಲಿಸಿದ್ರಿ?"

"ಜೈಲಿನೋರು ಕೊಡ್ಲಿಲ್ರಿ," ಎಂದಳು ಸೂರಮ್ಮ.

"ಹಾಗಾದ್ರೆ ಇವತ್ತೇ ಮೇಲಿನವ್ರಿಗೆ ಬರೀತೀನಿ. ಬಾಗಿಲಲ್ಲಿ ಯಾರಿದ್ರು?" ಡಾಕ್ಟರಮ್ಮ ಪೆನ್ನು ತೆಗೆದರು.

ಕೆಂಚಕ್ಕನಿಗೆ ಆ ಕಾವಲಿನ ಹೆಂಗಸಿನ ಮುಖ ಕಣ್ಣಿಗೆ ಕಟ್ಟಿತು. ತಂಗಿಯ ಜೀವ ತಿಂದದ್ದು ಸಾಲದೆಂದು ಇನ್ನೊಬ್ಬಳ ಅನ್ನವನ್ನೂ ಕಿತ್ತುಕೊಳ್ಳುವುದೇ?

"ಆಯಮ್ಮಂದೇನೂ ತಪ್ಪಿಲ್ರಿ. ತಲೆನೋವಿನ ಮಾತ್ರೆ ಅಂತ ನಾನೇ ಸುಳ್ಳು ಹೇಳ್ದೆ. ಹಿಂದ್ಗಡೆ ನಮ್ಮೂರೋರಿದ್ರು." ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಂಗಿ ಮುಖಕ್ಕೆ ಉಗಿದರೂ ಸರಿ ಎಂದು ತಲೆ ತಗ್ಗಿಸಿ ಕೂತಳು.

ಸೂರಮ್ಮ ಉಗಿಯಲಿಲ್ಲ. ಅವಳೂ ನೆಲವನ್ನೇ ನೋಡುತ್ತಿದ್ದಳು.

"ನಂಗೆ ಅವತ್ತೇ ಗೊತ್ತಾತು ಕಣಕ್ಕ. ಆಯಮ್ಮ ಒಳಕ್ಕೆ ಬಂದು, ನಿಂಗೆ ತಲೆನೋವು ಐತಂತೆ, ಹೌದಾ ಅಂತ ಕೇಳಿದ್ಲು. ಸುತ್ತ ಹೆಂಗಸ್ರು ಕುಂತಿದ್ರು. ನಾನೂ ಹೌದು ಅಂದೆ. ದಿನಾ ಒಂದು ತಲೆನೋವಿನ ಮಾತ್ರೆ ಕೊಡ್ತಿದ್ಲು, ದಿನಾ ನುಂಗ್ತಿದ್ದೆ."