ಪೈಪಿನೊಳಗಿನ ಗಾಳಿ

ಪ್ರೇಮನಾಥ ಬಾಯಿ ತೆರೆದರೆ ಬಹ್ರೈನು. ಸಾರಿಗೆ ಉಪ್ಪು ಹೆಚ್ಚಾದರೂ ಅವನಿಗೆ ಅಲ್ಲಿಯ ಹೋಟೆಲೇ ನೆನಪಾಗುತ್ತಿತ್ತು. ಇನ್ನೂರು ಕೋಣೆಗಳಿಗೆ ಬಿಸಿನೀರು ಕೊಡುವ ಬಾಯ್ಲರು ತನ್ನ ಕೈಯಲ್ಲಿತ್ತೆಂದು ಅವನು ಹೇಳಿಕೊಳ್ಳದ ಮದುವೆಮನೆ ಮಂಜೇಶ್ವರದಿಂದ ಮೊಗ್ರಾಲಿನವರೆಗೆ ಒಂದೂ ಇರಲಿಲ್ಲ. ಆ ಮಾತು ಶುರುವಾದರೆ ಅಕ್ಕ ಹರಿಣಾಕ್ಷಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಎದ್ದುಹೋಗುತ್ತಿದ್ದಳು. ಆ ಬಾಯ್ಲರಿನ ಮೇಲೆ ಅವಳಿಗೆ ಹಳೆಯ ಸಿಟ್ಟು. ಅಮ್ಮ ತೀರಿಕೊಂಡ ದಿನ ಫೋನು ಮಾಡಿದರೆ, "ನಾನು ಬಿಟ್ಟು ಬಂದರೆ ಇಡೀ ಹೋಟೆಲಿಗೆ ನೀರಿಲ್ಲ ಅಕ್ಕ" ಎಂದಿದ್ದ. ಚಿತೆಗೂ ಬರಲಿಲ್ಲ, ಉತ್ತರಕ್ರಿಯೆಯ ಬೊಜ್ಜಕ್ಕೂ ಬರಲಿಲ್ಲ.

ಈಗ ಅವನು ಊರಿಗೆ ಮರಳಿ, ಮೊಗ್ರಾಲಿನಲ್ಲಿ ಹೆಂಡತಿಯ ಮನೆಯಲ್ಲಿದ್ದ. ಅಂದು ಅಕ್ಕನ ಮನೆಗೆ ಮಗು ನೋಡಲು ಬಂದಿದ್ದ. ಹರಿಣಾಕ್ಷಿಯ ಮಗಳು ಅಶ್ಮಿತಾ ಹೆತ್ತು ಆಸ್ಪತ್ರೆಯಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಬಾಣಂತಿಯನ್ನು ಮೀಯಿಸುವ ಅಮ್ಮಣಿ ಅವಳ ಮೈಗೆಲ್ಲ ಎಣ್ಣೆ ತಿಕ್ಕಿ ಬಚ್ಚಲಿಗೆ ಕರೆದುಕೊಂಡು ಹೋದರೆ, ಬಿಸಿನೀರಿನ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಎಂತ ಅಕ್ಕ ಇದು? ಎಣ್ಣೆ ಹಚ್ಚಿ ಆಗಿದೆ. ಹಂಡೆಯಾದರೂ ಉಂಟಾ?" ಎಂದಳು ಅಮ್ಮಣಿ.

ಹಂಡೆಯನ್ನು ಎಂದೋ ಗುಜರಿಗೆ ಹಾಕಿಯಾಗಿತ್ತು. ಹಿಂದಿನ ಸಂಜೆ ತಾರಸಿಯ ಟ್ಯಾಂಕುಗಳನ್ನು ತೊಳೆಸುವಾಗ ಬಿಸಿನೀರಿನ ಸೋಲಾರು ಟ್ಯಾಂಕನ್ನೂ ಖಾಲಿ ಮಾಡಿ ತುಂಬಿಸಿದ್ದರು. ಬಿಸಿಲು ಸುಡುತ್ತಿತ್ತು, ಟ್ಯಾಂಕು ತುಂಬಿತ್ತು, ಆದರೂ ಕೆಳಗೆ ನೀರಿಲ್ಲ.

ಪ್ರೇಮನಾಥ ಚಾ ಲೋಟ ಕೆಳಗಿಟ್ಟ. "ನಾನಿರುವಾಗ ತಲೆಬಿಸಿ ಎಂತಕ್ಕೆ? ಇನ್ನೂರು ರೂಮು ನೋಡಿದವನಿಗೆ ಇದೊಂದು ಕೆಲಸವಾ?" ಎಂದು ಪಂಚೆ ಎತ್ತಿಕಟ್ಟಿ ಮೆಟ್ಟಿಲು ಹತ್ತಿದ. ಸ್ಪ್ಯಾನರು ಹಿಡಿದು ಹರಿಣಾಕ್ಷಿಯೂ ಹಿಂದೆಯೇ ಹೋದಳು.

ಅವನು ಟ್ಯಾಂಕಿಗೆ ಒಂದು ಸುತ್ತು ಬಂದ. ಪೈಪಿಗೆ ಕಿವಿ ಕೊಟ್ಟ. ಸ್ಪ್ಯಾನರಿನಿಂದ ಅಲ್ಲಲ್ಲಿ ಕುಟ್ಟಿ, "ಕಂಪೆನಿ ಮಾಲು ಸರಿ ಇಲ್ಲ" ಎಂದ. ಆಮೇಲೆ ಅಡಿಯ ವಾಲ್ವು ತಿರುಗಿಸಿದ. ಹಬೆಯಾಡುವ ನೀರು ತಾರಸಿಯ ಮೇಲೆ ಹರಿಯತೊಡಗಿತು. ಅವನು ಹಿಂದಕ್ಕೆ ಹಾರಿ, "ನೋಡು, ಬಂತಲ್ಲ" ಎಂದ.

"ಅದು ಟ್ಯಾಂಕು ಖಾಲಿ ಮಾಡುವ ವಾಲ್ವು. ಬಂದ್ ಮಾಡು," ಎಂದಳು ಹರಿಣಾಕ್ಷಿ.

ಅವನು ಬಂದ್ ಮಾಡಿದ. ಮತ್ತೆ ತಣ್ಣೀರು ಒಳಬರುವ ಪೈಪನ್ನು ಹಿಡಿದು, ಬಿಸಿನೀರು ಇಳಿಯುವುದು ಇದರಲ್ಲೇ ಎಂದ. ಪೈಪು ತಣ್ಣಗಿತ್ತು. ಕೈ ಮುಟ್ಟಿಯೂ ಅವನಿಗೆ ಅದು ತಿಳಿಯಲಿಲ್ಲ. ಹರಿಣಾಕ್ಷಿ ಅವನ ಮುಖವನ್ನೇ ನೋಡಿದಳು. ಬಾಯ್ಲರು ಬಿಡಿ, ಮನೆಯ ನಲ್ಲಿಯ ವಾಷರನ್ನು ಕೂಡ ಇವನು ಜನ್ಮದಲ್ಲಿ ಬದಲಾಯಿಸಿದವನಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು.

"ಪ್ರೇಮ, ಆ ಹೋಟೆಲಿನಲ್ಲಿ ನಿನಗೆ ಎಂತ ಕೆಲಸ ಇದ್ದದ್ದು?"

"ಬಾಯ್ಲರು…"

"ಸುಳ್ಳು ಸಾಕು."

ಅವನು ಪಕ್ಕದ ಮನೆಯ ತೆಂಗಿನ ಕಡೆ ನೋಡಿದ. "ಲಾಂಡ್ರಿ," ಎಂದ ಕೊನೆಗೆ. "ಟವೆಲು, ಬೆಡ್‌ಶೀಟು ಮಡಿಸುವುದು."

"ಹಾಗಾದರೆ ಅಮ್ಮ ಹೋದಾಗ ಯಾಕೆ ಬರಲಿಲ್ಲ?"

"ರಜೆ ಕೊಡ್ತಿದ್ದರು ಅಕ್ಕ. ಹೋದರೆ ಆ ಜಾಗಕ್ಕೆ ಬೇರೆಯವನನ್ನು ಹಾಕ್ತಾರೆ ಅಂತ ಹೆದರಿಕೆ ಆಯಿತು. ಟವೆಲು ಮಡಿಸಲಿಕ್ಕೆ ಯಾರಾದರೂ ಆಗ್ತದೆ."

ಇಷ್ಟು ವರ್ಷ ಅವಳು ದ್ವೇಷಿಸಿದ್ದು ತಾಯಿಗಿಂತ ಕೆಲಸ ದೊಡ್ಡದೆಂದ ಒಬ್ಬ ಸೊಕ್ಕಿನವನನ್ನು. ಎದುರಿಗೆ ನಿಂತವನಲ್ಲಿ ಅಷ್ಟು ಸೊಕ್ಕೂ ಇರಲಿಲ್ಲ. ಅಮ್ಮ ಕೊನೆಯ ದಿನಗಳಲ್ಲಿ ಬಂದವರಿಗೆಲ್ಲ, "ನನ್ನ ಮಗ ಇಂಜಿನಿಯರಿನ ಹಾಗೆಯೇ" ಎನ್ನುತ್ತಿದ್ದದ್ದು ಹರಿಣಾಕ್ಷಿಗೆ ನೆನಪಾಯಿತು. ಬೈಯಬೇಕೆನಿಸಲಿಲ್ಲ. ಬೈಯಲಿಕ್ಕೂ ಎದುರಿಗೊಬ್ಬ ಮನುಷ್ಯ ಬೇಕಲ್ಲ.

"ಇಲ್ಲೇ ನಿಲ್ಲು," ಎಂದಳು. "ಟ್ಯಾಂಕಿನ ಮೇಲೆ ಗಾಳಿ ಹೋಗುವ ಕೊಳವೆಯಿಂದ ನೀರು ಬಂದ ಕೂಡಲೇ ಕೂಗು. ಬೇರೆ ಯಾವುದನ್ನೂ ಮುಟ್ಟಬೇಡ."

ಸೋಲಾರು ಕೂರಿಸಿದ ದಿನ ಅವಳು ಬಿಸಿಲಲ್ಲಿ ನಿಂತು ಎಲ್ಲ ಕೇಳಿಕೊಂಡಿದ್ದಳು. ಟ್ಯಾಂಕು ಖಾಲಿ ಮಾಡಿದರೆ ಪೈಪಿನಲ್ಲಿ ಗಾಳಿ ಕಟ್ಟುತ್ತದೆ, ಆಗ ಕೆಳಗಿನಿಂದ ನೀರು ನೂಕಬೇಕು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬಾವಿಯ ಪಂಪಿನಿಂದ ನೇರ ಬರುವ ನಲ್ಲಿಗೆ ತೋಟದ ಹೋಸು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕಿಟಕಿಯಿಂದ ಎಳೆದು ಬಚ್ಚಲಿನ ಬಿಸಿನೀರಿನ ನಲ್ಲಿಗೆ ಬಿಗಿದಳು. ಎರಡೂ ನಲ್ಲಿ ತೆರೆದಳು. ಅಮ್ಮಣಿ ಮೋಟಾರಿನ ಸ್ವಿಚ್ಚು ಹಾಕಿದಳು. ಗೋಡೆಯೊಳಗೆ ಗುಳುಗುಳು ಸದ್ದು ಮೇಲಕ್ಕೇರುತ್ತ ಹೋಯಿತು.

"ಬಂತು ಅಕ್ಕ, ಬಂತು," ಎಂದು ತಾರಸಿಯಿಂದ ಕೂಗು ಬಂತು.

ಮೋಟಾರು ನಿಲ್ಲಿಸಿ ಹೋಸು ಕಳಚಿದಾಗ ನಲ್ಲಿಯಲ್ಲಿ ಮೊದಲು ತಣ್ಣೀರು, ಆಮೇಲೆ ಉಗುರುಬೆಚ್ಚಗೆ, ಮತ್ತೆ ಕೈ ಸುಡುವಂಥ ನೀರು ಬಂತು. ಅಶ್ಮಿತಾ ಕಣ್ಣು ಮುಚ್ಚಿ ಬೆನ್ನು ಕೊಟ್ಟು ಕೂತಳು.

ಪ್ರೇಮನಾಥ ಕೆಳಗಿಳಿದು ಬಂದ. ಬಚ್ಚಲಿನ ಹೊರಗೆ ನಿಂತು, "ಗಾಳಿ ಕಟ್ಟಿತ್ತು ಅಮ್ಮಣಿ. ಬಹ್ರೈನಿನಲ್ಲಿ ನಮಗೆ ಇದು ದಿನಾ ಇದ್ದದ್ದೇ" ಎಂದ. ಅಕ್ಕ ಪಕ್ಕದಲ್ಲೇ ಇದ್ದುದನ್ನು ಕಂಡೂ ಹೇಳಿದ.

ಹರಿಣಾಕ್ಷಿ ಹೋಸು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

ಊಟಕ್ಕೆ ಬಡಿಸಿದಳು. ಮೀನಿನ ತುಂಡು ಇನ್ನೊಂದು ಬೇಕೇ ಎಂದು ಕೇಳಲಿಲ್ಲ. ಉಂಡು ಕೈ ತೊಳೆದು, "ಹಾಗಾದರೆ ಹೊರಡ್ತೇನೆ ಅಕ್ಕ" ಎಂದ. ಎಂದಿನಂತೆ ಅಕ್ಕ, ರಾತ್ರಿ ಉಳಿದುಕೊಂಡು ಹೋಗು ಎಂದಾಳೆಂದು ಸ್ವಲ್ಪ ಕಾದ.

"ಹೋಗು," ಎಂದಳು ಅವಳು. "ಈಗ ಬಸ್ಸು ಉಂಟು."