ಅಳಿಸುವ ಬಟನ್

ಚಿತಾಗಾರದ ಕೌಂಟರಿನಾಕೆ ಮತ್ತೊಮ್ಮೆ ನಂಬರು ಒತ್ತಿ, ಪರದೆಯನ್ನು ದಿಟ್ಟಿಸಿ, ತಲೆ ಅಲ್ಲಾಡಿಸಿದಳು.

"ತಗೊಳ್ತಾ ಇಲ್ಲಮ್ಮಾ. ಇವರನ್ನ ಆಗ್ಲೇ ಸುಟ್ಟಾಗಿದೆ ಅಂತ ಬರ್ತಿದೆ."

"ಯಾರನ್ನ?" ಎಂದ, ಕೌಂಟರಿನ ಈಚೆ ಅವಳ ಪಕ್ಕ ನಿಂತಿದ್ದ ಮೈದುನ.

"ಇವರನ್ನೇ. ಹೆಸರು, ಹುಟ್ಟಿದ ದಿನ, ಗುರುತಿನ ನಂಬರು, ಎಲ್ಲಾ ತಾಳೆ ಆಗ್ತಿದೆ. ಹತ್ತು ವರ್ಷದ ಹಿಂದೇನೇ ಸುಟ್ಟಿದ್ದಾರೆ."

ಗಂಡ ಹೊರಗೆ ವ್ಯಾನಿನಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೆಳಗ್ಗೆ ವಾಕಿಂಗಿಗೆಂದು ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದಕ್ಕೆ ಬಗ್ಗಿದವನು ಮೇಲೇಳಲಿಲ್ಲ. ಕಣ್ಣು ಮುಚ್ಚಿಸಿದ್ದು ಅವಳೇ. ಹತ್ತು ವರ್ಷದ ಹಿಂದೆಯೇ ಬೂದಿಯಾಗಿದ್ದರೆ, ಇಷ್ಟು ಕಾಲ ಉಪ್ಪು ಕಮ್ಮಿ, ಕಾಫಿ ತಣ್ಣಗಿದೆ ಅಂತ ತನ್ನ ತಲೆ ತಿಂದವನು ಯಾರು? ಅವಳಿಗೆ ನಗು ಉಕ್ಕಿ ಬಂತು. ಇದು ಹೇಗಾಯಿತೆಂದು ಅವಳಿಗೆ ಗೊತ್ತಿತ್ತು.

* * *

ಹತ್ತು ವರ್ಷದ ಹಿಂದಿನ ಆ ದಿನ ಗಂಡ ಆಫೀಸಿನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ಅವಳನ್ನು ಕೂಗಿದ್ದ. ನಗರಸಭೆಯ ಕಂಪ್ಯೂಟರ್ ವಿಭಾಗಕ್ಕೆ ಅವನೇ ಮುಖ್ಯಸ್ಥ. ಊರಿನ ಚಿತಾಗಾರಗಳನ್ನೆಲ್ಲ ಒಂದೇ ಸಿಸ್ಟಮಿಗೆ ತರುವ ಘನಕಾರ್ಯವನ್ನು ಹೆಗಲ ಮೇಲೆ ಹೊತ್ತಿದ್ದ. ಅಲ್ಲಿ ದಿನವೂ ಹೆಣ ಸುಡುವವರನ್ನು ಒಂದು ಮಾತು ಕೇಳಿದ್ದನೇ? ಊಹೂಂ. ಅವರಿಗೇನು ತಿಳಿಯುತ್ತೆ ಮಣ್ಣು ಅನ್ನುತ್ತಿದ್ದ.

"ನೋಡಿಲ್ಲಿ. ಕೌಂಟರಿನಲ್ಲಿ ಕೊಟ್ಟ ಚೀಟಿ ನಂಬರು ಹಾಕದೆ ಒಲೆ ಹೊತ್ತೋದೇ ಇಲ್ಲ. ಕದ್ದುಮುಚ್ಚಿ ಸುಡೋದಕ್ಕೆ ಇನ್ನು ದಾರೀನೇ ಇಲ್ಲ."

ಪರೀಕ್ಷೆಗೆ ಒಬ್ಬ ಸತ್ತವನು ಬೇಕಿತ್ತು. ಬಾಯಿಪಾಠವಾಗಿದ್ದ ತನ್ನದೇ ವಿವರಗಳನ್ನು ಟಪಟಪ ಕುಟ್ಟಿ, "ನೋಡು, ನಾನು ಸತ್ತೆ!" ಎಂದು ನಕ್ಕ.

"ಬಿಡ್ತು ಅನ್ನಿ! ಮೊದಲು ಅದನ್ನ ಅಳಿಸಿ."

"ಅಳಿಸೋ ಬಟನ್ನೇ ಇಟ್ಟಿಲ್ಲ ಕಣೇ. ಸತ್ತವರೇನು ಎದ್ದು ಬರ್ತಾರಾ? ಇದು ಬರೀ ಪರೀಕ್ಷೆಗೆ. ಉದ್ಘಾಟನೆಗೆ ಮುಂಚೆ ಎಲ್ಲಾ ಒರೆಸಿ ಹೊಸದಾಗಿ ಶುರು ಮಾಡ್ತೀವಿ."

ಒರೆಸಿದರು, ಭಾರೀ ಒರೆಸಿದರು! ಮಂತ್ರಿಗಳಿಗೆ ಬಿಡುವು ಸಿಕ್ಕಿತೆಂದು ಉದ್ಘಾಟನೆ ತಿಂಗಳ ಮುಂಚೆಯೇ ಆಯಿತು. ಪರೀಕ್ಷೆಗಿಟ್ಟಿದ್ದನ್ನೇ ಹಾಗೇ ಎತ್ತಿಕೊಂಡು ಹೋಗಿ ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ತಟ್ಟಿದರು, ಗಂಡನಿಗೊಂದು ಫಲಕ ಕೊಟ್ಟರು. ಅದರ ಧೂಳು ಒರೆಸುವ ಭಾಗ್ಯ ಅವಳದಾಯಿತು.

* * *

ಕಾಯುವ ಕೋಣೆಯಲ್ಲಿ ಆಫೀಸಿನ ದಂಡೇ ಕೂತಿತ್ತು. ಗಂಡನ ಕುರ್ಚಿಯಲ್ಲಿ ಈಗ ಕೂತಿರುವ ದೊಡ್ಡ ಸಾಹೇಬರು ಎದ್ದು ಕೈಮುಗಿದರು.

"ಸಾರ್ ಕಟ್ಟಿದ ಸಿಸ್ಟಂ ಒಂದು ದಿನಾನೂ ಕೈಕೊಟ್ಟಿಲ್ಲ ಮೇಡಂ."

"ಹೌದಾ? ಹಾಗಾದ್ರೆ ಅದರಲ್ಲಿ ನಿಮ್ಮ ಸಾರನ್ನ ಸ್ವಲ್ಪ ಬದುಕಿಸಿಕೊಡಿ. ಸುಡಬೇಕು."

ವಿಷಯ ತಿಳಿದಾಗ ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು.

"ಅದು ತಿದ್ದುಪಡಿ ಸಮಿತಿ ಮುಂದೆ ಹೋಗ್ಬೇಕು ಮೇಡಂ."

"ಕರೀರಿ ಸಮಿತೀನ."

"ಅಧ್ಯಕ್ಷರು ಸಾರೇ ಆಗಿದ್ರು. ಅವರು ರಿಟೈರ್ ಆದ್ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಿಲ್ಲ."

"ಸಿಸ್ಟಂ ಮಾಡಿದ ಕಂಪನಿಯವರಿಲ್ವಾ?" ಎಂದ ಮೈದುನ.

"ಅವರ ಕಾಂಟ್ರ್ಯಾಕ್ಟ್ ಮುಗಿದು ಎಷ್ಟೋ ಕಾಲ ಆಯ್ತು. ನಡೀತಿದೆಯಲ್ಲ, ಸುಮ್ನೆ ಯಾಕೆ ಕೈ ಹಾಕೋದು ಅಂತ... ಮುಂದಿನ ವಾರ ಒಂದು ಸಭೆ ಕರೀತೀವಿ. ಅಲ್ಲೀವರ್ಗೂ ಐಸಿನಲ್ಲಿ ಇಡಿಸಿದ್ರೆ..."

ಅವಳ ಮೈ ಉರಿದುಹೋಯಿತು. ಊರಿಡೀ ಒಂದೇ ಸಿಸ್ಟಂ, ಬೇರೆ ಕಡೆ ಹೋಗುವ ಹಾಗೂ ಇರಲಿಲ್ಲ. ಇವರೆಲ್ಲ ಅವನೇ ತಿದ್ದಿ ತೀಡಿದ ಶಿಷ್ಯರು, ಒಬ್ಬೊಬ್ಬನೂ ಥೇಟ್ ಗುರುವೇ. ಆದರೆ ಐಸಿನಲ್ಲಿ? ಬೇಸಿಗೆಯಲ್ಲೂ ಸಾಕ್ಸ್ ಹಾಕಿಕೊಂಡು ಮಲಗುತ್ತಿದ್ದ ಮನುಷ್ಯ. ಜಂಬದ ಕೋಳಿಯೇ ಇರಬಹುದು, ಆದರೂ ತನ್ನವನು. ಅವನನ್ನು ಒಂದು ವಾರ ಆ ಚಳಿಯಲ್ಲಿ ಬಿಡಲು ಅವಳ ಕರುಳು ಒಪ್ಪಲಿಲ್ಲ.

ದಾರಿಯೊಂದಿತ್ತು. ಅದೂ ಅವಳಿಗೆ ಗೊತ್ತಿತ್ತು.

* * *

ಗಂಡ ಇನ್ನೂ ಕೆಲಸದಲ್ಲಿದ್ದಾಗ ಒಂದು ಸಂಜೆ ಮನೆಯ ಗೇಟಿನ ಹೊರಗೆ ಒಬ್ಬ ಬಡಗಿ ನಿಂತಿದ್ದ. ಹಿಂದೆ ಅವನ ಚಿಕ್ಕಮ್ಮ ತೀರಿಕೊಂಡಾಗ ಯಾರೋ ಕಣ್ತಪ್ಪಿ ಅವನ ತಾಯಿಯ ನಂಬರು ಒತ್ತಿದ್ದರು. ಈಗ ತಾಯಿಯೇ ತೀರಿಕೊಂಡಿದ್ದರು, ಸಿಸ್ಟಂ ಒಪ್ಪುತ್ತಿರಲಿಲ್ಲ. ಗಂಡ ಗೇಟು ತೆಗೆಯದೆ ಕಿಟಕಿಯಿಂದಲೇ ಹೇಳಿದ್ದ.

"ಗುರುತು ಸಿಗದ ಶವ ಅಂತ ಹಾಕಿಸು. ಅದಕ್ಕೆ ಗುರುತಿನ ನಂಬರು ಬೇಡ."

"ನಮ್ಮಮ್ಮ ಸಾರ್. ಮಗ ನಾನು ಇದೀನಲ್ಲ ಸಾರ್."

"ನೀನು ಮಗ ಅಂತ ಸಿಸ್ಟಮಿಗೆ ಹೇಗಯ್ಯಾ ಗೊತ್ತಾಗ್ಬೇಕು?"

ಅವಳು ನೀರು ತೆಗೆದುಕೊಂಡು ಹೋದಳು. ಬಡಗಿ ಮುಟ್ಟಲಿಲ್ಲ. ಅವಳು ತುಂಬಿದ ಲೋಟ ಹಿಡಿದು ಒಳಗೆ ಬಂದಾಗ ಗಂಡ ಟೀವಿಯ ದನಿ ಹೆಚ್ಚಿಸುತ್ತಿದ್ದ.

* * *

"ಗುರುತು ಸಿಗದ ಶವ ಅಂತ ಹಾಕಿ," ಎಂದಳು ಕೌಂಟರಿಗೆ ಬಂದು.

"ಅತ್ತಿಗೇ! ಏನು ಮಾತು ಇದು? ಅಣ್ಣನಿಗೆ ಹೆಸರಿಲ್ವಾ?"

"ನಿಮ್ಮಣ್ಣ ತೋರಿಸಿಕೊಟ್ಟ ದಾರಿಯೇ ಕಣಪ್ಪ ಇದು. ಐಸಿಗೆ ನಾನಂತೂ ಹಾಕಲ್ಲ."

ಕೌಂಟರಿನಾಕೆ ಅವಳ ಮುಖ ನೋಡಿದಳು. "ಹಾಗೆ ಹಾಕಿದ್ರೆ ಒಳಗೆ ಯಾರನ್ನೂ ಬಿಡಲ್ಲಮ್ಮಾ. ಬೂದೀನೂ ಕೊಡಲ್ಲ. ಸಂಬಂಧಿಕರು ಅನ್ನೋ ಕಡೆ ಯಾರೂ ಇಲ್ಲ ಅಂತ ತಾನಾಗೇ ಬರುತ್ತೆ."

ಅವಳು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಮೂವತ್ತು ವರ್ಷ ಸಂಸಾರ ಮಾಡಿದವಳು ಯಾರೂ ಅಲ್ಲ.

"ಹಾಕಿ."

ಮೈದುನ ಮುಖ ಮುಚ್ಚಿಕೊಂಡು ಹೊರಗೆ ಹೋದ. ಅವಳು ಬಂದು ಕಾಯುವ ಕೋಣೆಯಲ್ಲಿ ಕೂತಳು. ಸಾಹೇಬರು ಆಗಲೇ ಸಂತಾಪದ ಭಾಷಣ ಶುರುಹಚ್ಚಿಕೊಂಡಿದ್ದರು. ಏನಾಯಿತೆಂದು ಅವಳನ್ನು ಯಾರೂ ಕೇಳಲಿಲ್ಲ.

"ನಮ್ಮ ಸಾರ್ ಹೆಸರನ್ನ ಯಾರಿಂದಲೂ ಅಳಿಸೋಕೆ ಆಗಲ್ಲ..."

ಗೋಡೆಯ ಫಲಕದಲ್ಲಿ ಕೆಂಪು ಅಕ್ಷರ ಹೊತ್ತಿಕೊಂಡಿತು: ಗುರುತು ಸಿಗದ ಶವ. ಕೆಲಸದವರಿಬ್ಬರು ವ್ಯಾನಿನ ಕಡೆಯಿಂದ ಸ್ಟ್ರೆಚರ್ ತಳ್ಳಿಕೊಂಡು ಬಂದರು. ಬಿಳಿ ಬಟ್ಟೆಯ ಕೆಳಗಿನಿಂದ ಪಾದಗಳು ಇಣುಕುತ್ತಿದ್ದವು, ಒಂದಕ್ಕೆ ಮಾತ್ರ ಸಾಕ್ಸ್ ಇತ್ತು.

ಅವಳು ಎದ್ದು ನಿಂತಳು.

"ಕೂತ್ಕೊಳ್ಳಿ ಮೇಡಂ," ಎಂದರು ಸಾಹೇಬರು ಮೆಲುದನಿಯಲ್ಲಿ, ಸ್ಟ್ರೆಚರಿಗೆ ದಾರಿಯಾಗಲೆಂದು ತಮ್ಮ ಕಾಲು ಹಿಂದಕ್ಕೆಳೆದುಕೊಳ್ಳುತ್ತ. "ಇದು ನಮ್ಮದಲ್ಲ."